ಲಾಂಡ್ರಿ ಅಮ್ಮನ ಪರವಾಗಿ

ಮೊದಲು ಕೈತಪ್ಪಿ ಹೋದದ್ದು ಒಂದು ಕೋಟು. ಬ್ಯಾಂಡಿನಲ್ಲಿ ತುತ್ತೂರಿ ಊದುವವನ ಕೆಂಪು ಕೋಟನ್ನು ಲಾಂಡ್ರಿ ಅಮ್ಮ ನೀಟಾಗಿ ಮಡಿಸಿ, ಕಾಗದದಲ್ಲಿ ಸುತ್ತಿ, ಎದುರು ನಿಂತಿದ್ದ ಹೆಡ್‌ಮಾಸ್ಟರ ಕೈಗೆ ಕೊಟ್ಟು ಕಳಿಸಿದಳು. ಅವರು ಮನೆಗೆ ಹೋಗಿ ಪೊಟ್ಟಣ ಬಿಚ್ಚಿ, ಹಿತ್ತಾಳೆ ಗುಂಡಿಗಳ ಸಾಲು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ವಾಪಸು ತಂದುಕೊಟ್ಟರು. ಬೀದಿಯೂ ನಕ್ಕಿತು. ಗಂಡ ಸತ್ತ ಮೇಲೆ ಒಂದೇ ಇಸ್ತ್ರಿಪೆಟ್ಟಿಗೆಯಿಂದ ಅಂಗಡಿ ಕಟ್ಟಿ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದು ಕೋಟು ಅದಲು ಬದಲಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಹಿತ್ತಲು ಹೋದಾಗ ಮಾತ್ರ ಯಾರೂ ನಗಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಫ್ರಿಜ್ಜಿನ ಅಂಗಡಿಯ ಆಳುಗಳು ಬಂದು, ಒಣಹಾಕಿದ್ದ ಹೋಟೆಲಿನ ಬೆಡ್‌ಶೀಟುಗಳನ್ನು ಹಗ್ಗದಿಂದ ಎಳೆದು ಬುಟ್ಟಿಗೆ ತುರುಕಿ, ಆ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಇಳಿಸತೊಡಗಿದರು. ಮಗ ಇಸ್ತ್ರಿ ಬಿಟ್ಟು ಓಡಿದ.

"ಏನ್ರೀ ಇದು? ಯಾರ ಮನೆ ಅಂತ ನುಗ್ತಾ ಇದ್ದೀರಿ?"

"ನಿಮ್ಮ ತಾಯಿಯವರೇ ಗೋದಾಮಿಗೆ ಅಂತ ಬರೆದುಕೊಟ್ಟಿದ್ದಾರಲ್ಲ ಸಾರ್, ಹತ್ತು ವರ್ಷಕ್ಕೆ."

ತೋರಿಸಿದ ಕಾಗದದ ಕೆಳಗೆ ಅಮ್ಮನದೇ ರುಜು. ಕಟ್ಟಡವೂ ಅವಳ ಹೆಸರಿನಲ್ಲೇ ಇತ್ತು. ಒಣಹಾಕಲು ಹಿತ್ತಲಿಲ್ಲದಿದ್ದರೆ ಲಾಂಡ್ರಿಯೇ ಇಲ್ಲ ಅನ್ನುವುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

"ಅಮ್ಮಾ, ಇದಕ್ಕೆ ಯಾಕೆ ರುಜು ಹಾಕ್ದೆ?"

"ನಾನೆಲ್ಲಿ ಹಾಕ್ದೆ?"

"ಇದು ನಿಂದಲ್ವಾ?"

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. "ನಂದೇ. ಒಳ್ಳೆ ಹುಡುಗ ಕಣೋ, ಪಾರ್ಸಲ್ ಬಂದಿದೆ ಅಂದ. ಹಾಕ್ದೆ." ಆಮೇಲೆ ಮಗನ ಮುಖ ನೋಡಿ, "ಪಾರ್ಸಲ್ ಎಲ್ಲಿ?" ಅಂದಳು.

ಮಗ ಕೆಟ್ಟವನಲ್ಲ. ಅವನಿಗೆ ಭಯವಾಗಿತ್ತು, ಭಯವಾದರೆ ಅವನು ಗಂಟಲು ಏರಿಸುತ್ತಾನೆ, ಅಷ್ಟೇ. ಸಂಜೆ ವಕೀಲರ ಹತ್ತಿರ ಹೋದ. ವಕೀಲರು ಕಾಗದ ಓದಿ ಮೇಜಿನ ಮೇಲೆ ಇಟ್ಟರು.

"ಇದನ್ನ ರದ್ದು ಮಾಡಿಸೋಣ. ಆದ್ರೆ ನಾಳೆ ಇನ್ನೊಬ್ಬ ಬರ್ತಾನೆ. ಕೋರ್ಟಿನಿಂದ ನೀವೇ ಗಾರ್ಡಿಯನ್ ಅಂತ ಮಾಡಿಸ್ಕೊಂಡುಬಿಡಿ. ಆಮೇಲೆ ಅವರ ರುಜು ನಡೆಯಲ್ಲ, ನಿಮ್ಮದೇ. ಆಸ್ತಿ, ಔಷಧಿ, ಎಲ್ಲಿರಬೇಕು, ಎಲ್ಲಾ ನಿಮ್ಮ ತೀರ್ಮಾನ. ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಡಾಕ್ಟರು ಬರೆದುಕೊಟ್ರೆ ಕೆಲಸ ಸಲೀಸು."

'ಎಲ್ಲಿರಬೇಕು' ಅನ್ನುವುದು ಮಗನ ತಲೆಯಲ್ಲಿ ಕೂತುಬಿಟ್ಟಿತು. ಊರಾಚೆ ಒಂದು ಆರೈಕೆ ಮನೆ ಇತ್ತು. ಹಗಲೂ ರಾತ್ರಿ ನರ್ಸುಗಳು, ಎತ್ತರದ ಗೇಟು, ಗೇಟಿಗೆ ಬೀಗ. ಮಾರನೇ ದಿನವೇ ಹೋಗಿ ನೋಡಿಕೊಂಡು ಬಂದ.

ಕೆಳಗೆ ಅಂಗಡಿ, ಮೇಲೆ ಮನೆ. ಊಟ ಅಡುಗೆಮನೆಯಲ್ಲೇ, ಬೀದಿ ಕಡೆಯ ಕಿಟಕಿಯ ಪಕ್ಕದ ಮೇಜಿನಲ್ಲಿ. ಆ ಕಿಟಕಿಯದು ಒಂದು ದೊಡ್ಡ ಕಥೆ. ಗಾಳಿಯಿಲ್ಲದೆ ಉಸಿರು ಕಟ್ಟುತ್ತದೆ ಎಂದು ಅತ್ತೆ ತೆಗೆಯುವುದು, ಬೀದಿಯ ಧೂಳೆಲ್ಲ ಪಾತ್ರೆಗೆ ಬೀಳುತ್ತದೆ ಎಂದು ಸೊಸೆ ಮುಚ್ಚುವುದು. ಸೊಸೆ ಈ ಮನೆಗೆ ಕಾಲಿಟ್ಟ ವಾರದಲ್ಲಿ ಶುರುವಾದದ್ದು, ಅವಳ ತಲೆಯಲ್ಲೂ ಈಗ ಬಿಳಿಕೂದಲು ಬಂದರೂ ಮುಗಿದಿರಲಿಲ್ಲ. ಅಂದು ರಾತ್ರಿಯೂ ಸೊಸೆ ಸೂಪು ಬಡಿಸುವ ಮೊದಲು ಕಿಟಕಿ ಮುಚ್ಚಿದಳು.

"ಏನೇ, ನನ್ನ ಉಸಿರು ಕಟ್ಟಿಸಿ ಸಾಯಿಸ್ಬೇಕು ಅಂತಿದ್ದೀಯಾ?"

"ನೀವೆಲ್ಲಿ ಸಾಯ್ತೀರ ಅತ್ತೆ, ನನ್ನನ್ನ ಕಳಿಸಿಯೇ ಹೋಗೋದು ನೀವು. ಸೂಪಿಗೆ ಮಣ್ಣು ಬೇಕಾ?"

"ನಿನ್ನ ಸೂಪಿಗೆ ಮಣ್ಣು ಬಿದ್ರೆ ರುಚಿಯಾದ್ರೂ ಬರತ್ತೆ."

"ಇಬ್ರೂ ಸುಮ್ನಿರ್ತೀರಾ?" ಮಗ ಚಮಚ ಕುಕ್ಕಿದ. ವಕೀಲರು ಹೇಳಿದ್ದನ್ನೂ ಆರೈಕೆ ಮನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಮಗಳು ತಟ್ಟೆ ಸರಿಸಿ ಎದ್ದುನಿಂತಳು. ಮದುವೆ ಮುರಿದು ತವರಿಗೆ ಬಂದವಳು ಅವಳು. ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಾಳೆ, ಬೀದಿಗೆಲ್ಲ 'ಟೀಚರ್'. ದಡ್ಡ ಮಕ್ಕಳನ್ನೂ ಉರುಹೊಡೆಸಿ ಪಾಸು ಮಾಡಿಸುವುದರಲ್ಲಿ ಎತ್ತಿದ ಕೈ.

"ಅಮ್ಮನಿಗೆ ಹುಚ್ಚು ಅಂತ ಬರೆಸಿ ಬೀಗ ಹಾಕಿಸ್ತೀಯಾ ಅಣ್ಣ?"

"ಹುಚ್ಚು ಅಂತ ಯಾರಂದ್ರು? ನಾಳೆ ಮನೆನೇ ಬರೆದುಕೊಟ್ರೆ ನಿನ್ನ ಟ್ಯೂಷನ್ನು ಫುಟ್‌ಪಾತಲ್ಲಿ ಮಾಡ್ತೀಯಾ?"

"ಅಮ್ಮ ಸರಿಯಾಗೇ ಇದ್ದಾಳೆ. ಡಾಕ್ಟರ ಮುಂದೆ ನಾನೇ ತೋರಿಸ್ತೀನಿ."

"ಅಲ್ಲಿ ಕಿಟಕಿ ಇರತ್ತಾ?" ಅಂತ ಲಾಂಡ್ರಿ ಅಮ್ಮ ಕೇಳಿದಳು. ಅಣ್ಣತಂಗಿಯರ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಸೊಸೆ ಮಾತ್ರ ಸೌಟು ಹಿಡಿದು ಅತ್ತೆಯ ಕಡೆ ಒಮ್ಮೆ ತಿರುಗಿದಳು.

ಮರುದಿನದಿಂದ ಟೀಚರ್ ತಾಯಿಗೆ ಪಾಠ ಶುರುಮಾಡಿದಳು. ಡಾಕ್ಟರು ಇಂಥವರಿಗೆ ಏನೇನು ಕೇಳುತ್ತಾರೆ ಎಂದು ಎಲ್ಲೆಲ್ಲೋ ವಿಚಾರಿಸಿ ಪ್ರಶ್ನೆಗಳನ್ನು ಹೊಂದಿಸಿಕೊಂಡಿದ್ದಳು. ಬಟಾಣಿ ಬಿಡಿಸುವಾಗ, ತಲೆ ಬಾಚುವಾಗ, ಮಾತ್ರೆ ನುಂಗಿಸುವಾಗ, ಒಂದೇ ಸಮ.

"ಇವತ್ತು ಯಾವ ವಾರ?"

"ನೀನೇ ಹೇಳು, ನೀನು ಟೀಚರ್."

"ಅಮ್ಮಾ!"

"ಬುಧವಾರ."

"ನೂರರಿಂದ ಏಳೇಳು ಕಳೀತಾ ಬಾ."

"ತೊಂಬತ್ತಮೂರು... ಎಂಬತ್ತಾರು..."

"ಎಪ್ಪತ್ತೊಂಬತ್ತು. ಮತ್ತೆ ಮೊದಲಿಂದ. ಮೂರು ಪದ ನೆನಪಿಟ್ಕೋ. ಸೇಬು, ಮೇಜು, ಚಾವಿ."

ಮುಂದಿನ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರೆ ಅಡುಗೆಮನೆಯಲ್ಲಿ ಅಜ್ಜಿ ಸೇಬು, ಮೇಜು, ಚಾವಿ ಹೇಳುತ್ತಿದ್ದಳು. ತಪ್ಪಿದರೆ ಮಗಳ ಮುಖ ಸಣ್ಣದಾಗುತ್ತಿತ್ತು, ಅದನ್ನು ನೋಡಲಾರದೆ ಅಮ್ಮ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ರಾತ್ರಿ ನಿದ್ದೆ ಬಾರದೆ ಹೊರಳಾಡಿದರೆ ಮಗಳು ಒಂದು ಮಾತ್ರೆ ಕೊಡುತ್ತಿದ್ದಳು. ಪರೀಕ್ಷೆಯ ಮುಂಚೆ ನಿದ್ದೆ ಮುಖ್ಯ ಅಂತ.

"ಪಾಸಾದ್ರೆ ಅತ್ತೆಗೆ ಏನು ಕೊಡಿಸ್ತೀರ, ಪೆನ್ನಾ?" ಅಂದಳು ಸೊಸೆ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ.

"ನಿಮಗೆ ತಮಾಷೆ ಅತ್ತಿಗೆ. ಫೇಲಾದ್ರೆ ಗೊತ್ತಲ್ಲ, ಎಲ್ಲಿಗೆ ಕಳಿಸ್ತಾರೆ ಅಂತ."

ಸೊಸೆ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

ಡಾಕ್ಟರ ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿತ್ತು. ಡಾಕ್ಟರು ಈ ಮನೆಯ ಎಲ್ಲರ ಜ್ವರ ಕೆಮ್ಮು ನೋಡಿದವರು. ಅವರ ಮೈಮೇಲಿನ ಬಿಳಿ ಕೋಟಿಗೆ ಇಸ್ತ್ರಿ ಆಗುತ್ತಿದ್ದದ್ದೂ ಇದೇ ಲಾಂಡ್ರಿಯಲ್ಲಿ. ಅಮ್ಮನನ್ನು ನಡುವೆ ಕೂರಿಸಿ, ಮಗ ಒಂದು ಕಡೆ, ಮಗಳು ಒಂದು ಕಡೆ ಕೂತರು.

"ಹೇಗಿದ್ದೀರಮ್ಮ? ತಿಂಡಿ ಆಯ್ತಾ?"

"ಬುಧವಾರ," ಅಂದಳು ಅಮ್ಮ.

ಅಂದು ಶುಕ್ರವಾರ. ಮಗಳ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು.

ಡಾಕ್ಟರು ಮುಂದಕ್ಕೆ ಬಾಗಿದರು. "ನಿದ್ದೆ ಚೆನ್ನಾಗಿ ಬರ್ತಾ ಇದೆಯಾ?"

"ಸೇಬು, ಮೇಜು, ಚಾವಿ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು." ಹೇಳಿ ಮುಗಿಸಿ, ಶಹಬಾಸ್ ಅನ್ನುತ್ತಾಳೇನೋ ಎಂದು ಮಗಳ ಕಡೆ ತಿರುಗಿದಳು. ಮಗಳು ನೆಲ ನೋಡುತ್ತಿದ್ದಳು. ಅಮ್ಮನ ಮುಖದಲ್ಲಿ ಹೆದರಿಕೆ ಮೂಡಿತು. "ತಪ್ಪಾಯ್ತಾ?"

ಗೆದ್ದ ಮಗನಿಗೂ ಗೆದ್ದ ಹಾಗೆ ಅನ್ನಿಸಲಿಲ್ಲ. "ಬರೆದುಬಿಡಿ ಡಾಕ್ಟ್ರೇ," ಅಂದ, ದನಿ ತಗ್ಗಿಸಿ. "ನೀವೇ ನೋಡಿದ್ರಲ್ಲ."

ಡಾಕ್ಟರು ಪೆನ್ನಿನ ಕ್ಯಾಪು ತೆಗೆದರು. ಮತ್ತೆ ಹಾಕಿದರು.

"ನಾನು ನೋಡಿದ್ದು ಟೀಚರ ಪಾಠ. ಅಮ್ಮನನ್ನ ಇನ್ನೂ ನೋಡಿಲ್ಲ."

"ಮರೆವಿಲ್ಲ ಅಂತೀರಾ ಹಾಗಾದ್ರೆ?"

"ಇದೆ. ಅದನ್ನ ಬರೀತೀನಿ. ಆದ್ರೆ ಕೋರ್ಟು ನನ್ನ ಕೇಳೋದು ಮರೆವಿದೆಯಾ ಅಂತಲ್ಲ. ಯಾವುದನ್ನ ಅರ್ಥ ಮಾಡ್ಕೊಂಡು ತೀರ್ಮಾನ ಮಾಡ್ತಾರೆ, ಯಾವುದು ಅವರ ಕೈಲಿ ಆಗಲ್ಲ ಅಂತ. ಕರಾರು ಪತ್ರ ಬೇರೆ, ಎಲ್ಲಿ ಬಾಳಬೇಕು ಅನ್ನೋದು ಬೇರೆ. ಎಲ್ಲವನ್ನೂ ಒಂದೇ ಸಾಲಲ್ಲಿ ಬರೆದು ಮನುಷ್ಯರನ್ನ ಇಡಿಯಾಗಿ ಅಳಿಸಿಹಾಕೋಕೆ ನನ್ನ ಕೈ ಬರಲ್ಲ."

"ಆ ಹಿತ್ತಲು ಹೋದ್ರೆ ನೀವು ಕೊಡ್ತೀರಾ?"

"ಅಣ್ಣ!" ಅಂದಳು ಟೀಚರ್.

"ನೀನು ಬಾಯ್ಮುಚ್ಚು. ಅಮ್ಮನನ್ನ ಗಿಳಿ ಮಾಡಿ ಕೂರಿಸಿದ್ದೀಯ."

ಡಾಕ್ಟರು ಕೈಯೆತ್ತಿದರು. ರಕ್ತ ಪರೀಕ್ಷೆಗೆ ಬರೆದರು. ಮಲಗುವಾಗ ಏನು ಮಾತ್ರೆ ಕೊಡ್ತೀರಿ ಎಂದು ಕೇಳಿ, ನಿದ್ದೆ ಮಾತ್ರೆಯ ಹೆಸರು ಕೇಳಿದ್ದೇ ತಡ, ಇವತ್ತಿಂದಲೇ ನಿಲ್ಲಿಸಿ ಅಂದರು. "ಪಾಠಾನೂ ನಿಲ್ಸಿ. ನಾನೇ ಮನೆಗೆ ಬರ್ತೀನಿ. ಯಾವತ್ತು ಅಂತ ಹೇಳಲ್ಲ."

ಮೆಟ್ಟಿಲು ಇಳಿಯುವಾಗ ಅಮ್ಮ ಮಗಳ ತೋಳು ಜಗ್ಗಿದಳು. "ಎಷ್ಟು ಬಂತೇ? ಫೇಲಾ?"

ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲಿನ ವಾರಗಳಲ್ಲಿ ಮನೆ ಮನೆಯಾಗಿರಲಿಲ್ಲ. ಫ್ರಿಜ್ಜಿನ ಪೆಟ್ಟಿಗೆಗಳು ಅರ್ಧ ಹಿತ್ತಲು ತುಂಬಿದ್ದವು. ಉಳಿದ ಅರ್ಧದಲ್ಲಿ ಒದ್ದೆ ಬಟ್ಟೆ ಒಂದರ ಮೇಲೊಂದು ಬಿದ್ದು ಮುಗ್ಗುಲು ವಾಸನೆ ಹಿಡಿಯುತ್ತಿತ್ತು. ಗಿರಾಕಿಗಳು ಗೊಣಗುತ್ತಿದ್ದರು, ಮಗ ಅವರಿಗೆ ಕ್ಷಮೆ ಕೇಳಿ ಮೇಲೆ ಬಂದು ಮನೆಯವರ ಮೇಲೆ ಹರಿಹಾಯುತ್ತಿದ್ದ. ಅಮ್ಮ ಕೌಂಟರಿಗೆ ಇಳಿಯಬಾರದೆಂದು ಮೆಟ್ಟಿಲ ಬಾಗಿಲಿಗೆ ಚಿಲಕ ಬಿತ್ತು. ಅವಳು ಚಿಲಕದ ಮುಂದೆ ನಿಂತು, "ಅಂಗಡಿ ತೆಗೆಯೋ ಹೊತ್ತಾಯ್ತು," ಅನ್ನುವಳು. ಮಗಳು, "ಹೌದಮ್ಮ, ಆಮೇಲೆ ಹೋಗೋಣ," ಅನ್ನುವಳು. ಮಗ, "ಆಯ್ತಮ್ಮ, ಆಯ್ತು," ಅಂದು ಪಕ್ಕಕ್ಕೆ ಸರಿದು ಹೋಗುವನು.

ಸೊಸೆ ಒಬ್ಬಳು, "ಇಲ್ಲ ಅತ್ತೆ, ನಿಮ್ಮನ್ನ ಬಿಡಲ್ಲ," ಅನ್ನುತ್ತಿದ್ದಳು.

"ಬಿಡದೆ ಇರೋಕೆ ನೀನ್ಯಾರು?"

"ಬೇರೆಯವರ ಕೋಟು ಹಂಚ್ತೀರಿ, ಅದಕ್ಕೆ."

"ಒಂದ್ಸಲ ತಪ್ಪಾಯ್ತು. ನೀನು ಹೊಸದರಲ್ಲಿ ರೇಷ್ಮೆ ಬಟ್ಟೆ ಬ್ಲೀಚಿಗೆ ಹಾಕಿರ್ಲಿಲ್ವಾ?"

"ಹಾಕಿದ್ದೆ. ನೀವು ವರ್ಷಗಟ್ಟಲೆ ಹಂಗಿಸ್ಲಿಲ್ವಾ? ಈಗ ನನ್ನ ಸರದಿ." ಒಂದು ಬುಟ್ಟಿ ಕಾಲ್ಚೀಲ ತಂದು ಅತ್ತೆಯ ಮುಂದೆ ಸುರಿದು, "ಜೋಡಿ ಮಾಡಿಕೊಡಿ, ತಪ್ಪು ಮಾಡಿದ್ರೆ ಮತ್ತೆ ಮಾಡಿಸ್ತೀನಿ," ಅನ್ನುವಳು. ಮುದುಕಿ ಬೈಯುತ್ತಲೇ ಜೋಡಿ ಮಾಡುವಳು.

ಡಾಕ್ಟರು ಬಂದಾಗ ಇಂಥದೇ ಒಂದು ಜಗಳ ನಡೆದಿತ್ತು. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು. ವಿಷಯ ಕಿಟಕಿಯದು. ಆಮೇಲೆ ಎಲ್ಲರನ್ನೂ ಕೆಳಗೆ ಹೋಗಲು ಹೇಳಿದರು. ಮಗಳು, "ನಾನು ಮೂಲೆಯಲ್ಲಿ ಸುಮ್ನೆ ಕೂತಿರ್ತೀನಿ," ಅಂದಳು. ಬೇಡ ಅಂದರು. ಸೊಸೆ ಹೋಗುತ್ತಾ ಕಿಟಕಿ ಎಳೆದುಕೊಂಡು ಹೋದಳು, ಅವಳು ಮೆಟ್ಟಿಲು ಮುಟ್ಟುವಷ್ಟರಲ್ಲಿ ಅತ್ತೆ ಎದ್ದು ತೆಗೆದಾಗಿತ್ತು.

ಮಾತ್ರೆ ನಿಂತು, ಪಾಠ ನಿಂತು, ಅವಳ ಕಣ್ಣು ತಿಳಿಯಾಗಿತ್ತು. ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು ಅವಳ ಜೊತೆ ತಾವೂ ನಾಲ್ಕು ಬಟಾಣಿ ಬಿಡಿಸಿದರು.

"ಹಿತ್ತಲು ಬರೆದುಕೊಟ್ಟಿದ್ದು ನೆನಪಿದೆಯಾಮ್ಮ?"

"ಇಲ್ಲ. ಕೊಟ್ಟಿದ್ದೀನಿ ಅಂತಾರೆ. ಕೊಟ್ಟಿರ್ತೀನಿ."

"ಮತ್ತೆ ಯಾರಾದ್ರೂ ಕಾಗದ ತಂದ್ರೆ?"

ಬಟಾಣಿ ಸಿಪ್ಪೆಯನ್ನು ಬೆರಳಲ್ಲಿ ಸುತ್ತುತ್ತಾ ಯೋಚಿಸಿದಳು. "ನಗ್ತಾ ಮಾತಾಡಿಸಿದ್ರೆ ಹಾಕಿಬಿಡ್ತೀನಿ. ಅದು ನನ್ನ ಕೈಲಿ ಆಗಲ್ಲ ಡಾಕ್ಟ್ರೇ. ಬೇರೆಯವರು ನೋಡ್ಕೊಳ್ಳಲಿ."

"ಮಗ ನಿಮ್ಮನ್ನ ಆರೈಕೆ ಮನೆಗೆ ಸೇರಿಸ್ಬೇಕು ಅಂತಾನೆ. ಇಲ್ಲೇ ಇದ್ರೆ ಬೀಳಬಹುದು, ಒಲೆ ಆರಿಸೋದು ಮರೆಯಬಹುದು. ಅಲ್ಲಿ ನೋಡ್ಕೊಳ್ಳೋಕೆ ಜನ ಇರ್ತಾರೆ."

"ಒಲೆ ಹಚ್ಚಲ್ಲ. ಬಿದ್ರೆ ಬೀಳ್ತೀನಿ. ಬೀಳೋದಾದ್ರೆ ಇಲ್ಲೇ ಬೀಳ್ತೀನಿ, ಕೆಳಗಿಂದ ಇಸ್ತ್ರಿ ಬಿಸಿ ವಾಸನೆ ಬರ್ತಿರತ್ತಲ್ಲ, ಅದರಲ್ಲಿ. ಅಲ್ಲಿಗೆ ಹೋಗಲ್ಲ."

"ಹಾಗಾದ್ರೆ ನಿಮ್ಮ ಪರವಾಗಿ ಯಾರು ರುಜು ಹಾಕ್ಬೇಕು?"

ಅವಳು ಹೇಳಿದಳು. ಡಾಕ್ಟರ ಹುಬ್ಬು ಮೇಲೇರಿತು. ಬೇರೆ ಮಾತಾಡಿ, ಚಹಾ ಕುಡಿದು, ಬೇರೆ ಥರದಲ್ಲಿ ಅದನ್ನೇ ಮತ್ತೆ ಕೇಳಿದರು. ಅದೇ ಉತ್ತರ. ಮುಂದಿನ ವಾರ ಮತ್ತೆ ಬಂದರು. ಅವರು ಹಿಂದೆ ಬಂದುಹೋದದ್ದೇ ಅವಳಿಗೆ ನೆನಪಿರಲಿಲ್ಲ. ಉತ್ತರ ಮಾತ್ರ ಅದೇ ಆಗಿತ್ತು. ಕಾರಣವೂ ಅದೇ.

ಕೋರ್ಟಿನ ಕೋಣೆ ಚಿಕ್ಕದು, ಫ್ಯಾನು ಕಿರ್ರೆನ್ನುತ್ತಿತ್ತು. ಮಗ ತಾನೇ ತೊಳೆದು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಮುಂದೆ ಕೂತಿದ್ದ. ಮಗಳು ಅವನಿಂದ ಎರಡು ಕುರ್ಚಿ ಆಚೆ. ಸೊಸೆ ಹಿಂದೆ, ಅತ್ತೆಯ ನೀರಿನ ಬಾಟಲಿ ಹಿಡಿದುಕೊಂಡು. ನ್ಯಾಯಾಧೀಶರು ಡಾಕ್ಟರ ವರದಿಯನ್ನು ತಿರುವಿ, ನೀವೇ ಹೇಳಿ ಅಂದರು.

ಡಾಕ್ಟರು ನಿಂತು ಹೇಳಿದರು. ಮರೆವಿನ ಕಾಯಿಲೆ ಇದೆ, ಏರುತ್ತದೆ. ಕರಾರು, ಆಸ್ತಿ, ಬ್ಯಾಂಕು ಇವಳ ಕೈಲಾಗದು, ಅದು ಇವಳಿಗೇ ಗೊತ್ತು. ಮನೆಯಲ್ಲಿರುವ ಅಪಾಯ ಏನೆಂದು ತಿಳಿದುಕೊಂಡೇ ಅಲ್ಲೇ ಇರುತ್ತೇನೆ ಅನ್ನುತ್ತಾಳೆ, ಆ ತೀರ್ಮಾನ ಅವಳಿಗೇ ಬಿಡಬೇಕು. "ಗಾರ್ಡಿಯನ್ ಯಾರಾಗಬೇಕು ಅನ್ನೋದನ್ನೂ ಮೂರು ಸಲ ಕೇಳಿದ್ದೀನಿ. ಅವರು ಹೇಳಿದ್ದು ಮಗನ ಹೆಸರಲ್ಲ, ಮಗಳದೂ ಅಲ್ಲ. ಸೊಸೆ."

ನೀರಿನ ಬಾಟಲಿ ನೆಲಕ್ಕೆ ಬಿತ್ತು.

"ಇವಳಾ?" ಅಂದ ಮಗ. "ಸಾರ್, ಇವರಿಬ್ರೂ ದಿನಾ ಕಿತ್ತಾಡ್ತಾರೆ! ಬೀದಿಗೆಲ್ಲಾ ಗೊತ್ತು."

ನ್ಯಾಯಾಧೀಶರು ಮುದುಕಿಯ ಕಡೆ ತಿರುಗಿದರು. "ನಿಜವೇನಮ್ಮ?"

"ನಿಜ," ಅಂದಳು ಲಾಂಡ್ರಿ ಅಮ್ಮ. "ಇವಳ ಬಾಯಿ ಬೊಂಬಾಯಿ."

"ಮತ್ತೆ ಅವರೇ ಯಾಕೆ?"

"ನನ್ನ ಮಗ ಎಲ್ಲಾದಕ್ಕೂ ಆಯ್ತಮ್ಮ ಅಂತಾನೆ, ಅಂದು ತನಗೆ ಬೇಕಾದ್ದು ಮಾಡ್ತಾನೆ. ಮಗಳು ಹೌದಮ್ಮ ಅಂತಾಳೆ, ಅಂದು ನನಗೇ ಪಾಠ ಹೇಳ್ತಾಳೆ. ಇಬ್ರೂ ಒಳ್ಳೆಯವರೇ. ಆದ್ರೆ ಅವರ ಲೆಕ್ಕದಲ್ಲಿ ನಾನು ಆಗ್ಲೇ ಇಲ್ಲ. ಇವಳು ಬಿಡಲ್ಲ ಅನ್ನೋದನ್ನ ನನ್ನ ಮುಖಕ್ಕೇ ಅಂತಾಳೆ. ನಾನು ಬೈತೀನಿ, ತಿರುಗಿಸಿ ಬೈತಾಳೆ. ನಾನಿನ್ನೂ ಇದ್ದೀನಿ ಅಂತ ನನಗೆ ಗೊತ್ತಾಗೋದು ಆವಾಗಲೇ."

ಮಗಳು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಮಗನ ಕಿವಿ ಕೆಂಪಾಗಿತ್ತು.

"ನಂಗೆ ಬೇಡ ಸಾರ್," ಅಂದಳು ಸೊಸೆ, ಗಾಬರಿಯಿಂದ. "ನಾಳೆ ಏನಾದ್ರೂ ಆದ್ರೆ ಎಲ್ಲಾ ನನ್ನ ತಲೆಗೇ ಕಟ್ತಾರೆ."

"ನೋಡಿ, ಇಲ್ಲೂ ಶುರು ಮಾಡಿದ್ಲು," ಅಂದಳು ಅತ್ತೆ.

ನ್ಯಾಯಾಧೀಶರಿಗೆ ನಗು ಬಂತು, ತಡೆದುಕೊಂಡರು. "ಒಪ್ಪೋ ಮುಂಚೆ ಒಂದು ತಿಳ್ಕೊಳ್ಳಿ. ನಿಮಗೆ ಸರಿ ಅನ್ನಿಸಿದ್ದನ್ನ ಮಾಡೋಕೆ ನಿಮ್ಮನ್ನ ನೇಮಿಸ್ತಿಲ್ಲ. ಅವರ ಇಷ್ಟ ಏನು ಅಂತ ಅವರನ್ನೇ ಕೇಳಬೇಕು. ಹೇಳೋಕೆ ಆಗದಿದ್ದಾಗ, ಹೇಳೋ ಹಾಗಿದ್ದಿದ್ರೆ ಏನಂತಿದ್ರೋ ಅದನ್ನ ಮಾಡಬೇಕು."

ಸೊಸೆ ಗಂಡನ ಬೆನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಬಗ್ಗಿ ಬಾಟಲಿ ಎತ್ತಿಕೊಂಡಳು. "ಆಯ್ತು," ಅಂದಳು.

ಹಿತ್ತಲಿನ ಕರಾರು ರದ್ದಾಯಿತು, ಪೆಟ್ಟಿಗೆಗಳು ಹೊರಟವು, ಬೆಡ್‌ಶೀಟುಗಳು ಮತ್ತೆ ಗಾಳಿಗೆ ಪಟಪಟ ಬಡಿದುಕೊಂಡವು. ಚಿಲಕ ತೆಗೆದರು. ಸೊಸೆ ಜೊತೆಗಿದ್ದಾಗ ಅಮ್ಮ ಕೌಂಟರಿನಲ್ಲಿ ಕೂರುವಳು. ಪೊಟ್ಟಣ ಕೊಡುವಂತಿಲ್ಲ, ಕಾಗದ ಮುಟ್ಟುವಂತಿಲ್ಲ, ಗಿರಾಕಿಗಳನ್ನು ಎಷ್ಟು ಬೇಕಾದರೂ ಮಾತಾಡಿಸಬಹುದು. ಮಗ ಮಾತ್ರ ಮುಖ ಗಂಟಿಕ್ಕಿಕೊಂಡು ಕೆಳಗೇ ಊಟ ತರಿಸಿಕೊಳ್ಳುತ್ತಿದ್ದ. ಟೀಚರ್ ತನ್ನ ತಟ್ಟೆ ಹಿಡಿದು ಮುಂದಿನ ಕೋಣೆಗೆ ಹೋಗುತ್ತಿದ್ದಳು. ಅಡುಗೆಮನೆಯ ಮೇಜಿನಲ್ಲಿ ಇಬ್ಬರೇ, ಅತ್ತೆ ಮತ್ತು ಸೊಸೆ, ಮತ್ತು ಕಿಟಕಿ.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಸೊಸೆ ಎಂದಿನ ಹಾಗೆ ಕಿಟಕಿ ಮುಚ್ಚಿ, ಬೈಗುಳಕ್ಕೆ ಕಾದಳು. ಬರಲಿಲ್ಲ.

"ಅತ್ತೆ, ಕಿಟಕಿ ಮುಚ್ಚಿದ್ದೀನಿ."

"ಆಯ್ತಮ್ಮ."

"ಧೂಳು ಬರತ್ತೆ ಅಂತ."

"ಆಯ್ತಮ್ಮ. ನಿನ್ನಿಷ್ಟ."

ಮದುವೆಯಾಗಿ ಬಂದ ದಿನದಿಂದ ಅತ್ತೆಯ ಬಾಯಲ್ಲಿ 'ಏನೇ' ಅನ್ನಿಸಿಕೊಂಡವಳು. 'ಅಮ್ಮ' ಎಂದು ಕೇಳಿ ಸೊಸೆ ಬಗ್ಗಿ ಅತ್ತೆಯ ಮುಖ ನೋಡಿದಳು. ಕಾಲ್ಚೀಲದ ಬುಟ್ಟಿ ತಂದು ಸುರಿದಳು. ಮುದುಕಿ ಒಂದು ಕಾಲ್ಚೀಲ ಎತ್ತಿಕೊಂಡು ತೊಡೆಯ ಮೇಲಿಟ್ಟು ಸವರುತ್ತಾ ಕೂತಳು. ಸೊಸೆ ಡಾಕ್ಟರಿಗೆ ಫೋನು ಮಾಡಿದಳು. ಜ್ವರ ಇದೆಯೇ ನೋಡಿ, ನಾಳೆ ಕರೆತನ್ನಿ ಅಂದರು. ಈ ಕಾಯಿಲೆ ಹೀಗೇ ಇಳಿಸುತ್ತಾ ಹೋಗುತ್ತದೆ, ಒಂದೊಂದು ದಿನ ಹಾಗೆ, ಒಂದೊಂದು ದಿನ ಹೀಗೆ, ಅಂದರು.

ಅವಳು ಕೆಳಗಿಳಿದು ಗಂಡನಿಗೆ ಹೇಳಿದಳು.

"ಜಗಳ ಆಡ್ಲಿಲ್ಲ ಅಂತ ಡಾಕ್ಟ್ರಿಗೆ ಫೋನ್ ಮಾಡಿದ್ಯಾ?" ಅಂದ ಅವನು. ಆಮೇಲೆ ಹೆಂಡತಿಯ ಕಣ್ಣು ನೋಡಿದ. ಇಸ್ತ್ರಿಯ ಸ್ವಿಚ್ಚು ಆರಿಸಿದ.

ಅಂದು ರಾತ್ರಿ ಅವನು ಊಟಕ್ಕೆ ಮೇಲೆ ಬಂದ. ಟೀಚರೂ ತಟ್ಟೆ ಹಿಡಿದುಕೊಂಡು ಬಂದು ಅಣ್ಣನ ಪಕ್ಕ ಕೂತಳು. ಅಮ್ಮ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದಳು. ಸೊಸೆ ಸೂಪಿನ ಪಾತ್ರೆ ಇಟ್ಟು, ಎರಡು ಕ್ಷಣ ನಿಂತು, ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ಅವಳ ಜೀವಮಾನದಲ್ಲಿ ಆ ಕಿಟಕಿಯನ್ನು ಅವಳು ತೆಗೆದದ್ದು ಅದೇ ಮೊದಲು. ಚಳಿಗಾಳಿಯೂ ಬೀದಿಯ ಗದ್ದಲವೂ ಒಟ್ಟಿಗೆ ಒಳನುಗ್ಗಿದವು.

ಮುದುಕಿ ತಲೆಯೆತ್ತಿದಳು.

"ಯಾವಳೇ ಅದು ಕಿಟಕಿ ತೆಗೆದಿದ್ದು? ಸೂಪಿಗೆ ಧೂಳು ಬೀಳತ್ತೆ, ಮುಚ್ಚು!"

ಮಗ ಏಳಲು ಹೋದ. ಸೊಸೆ ಅವನ ಭುಜ ಹಿಡಿದು ಕೂರಿಸಿದಳು.

"ಮುಚ್ಚಲ್ಲ ಅತ್ತೆ. ಗಾಳಿ ಇಲ್ದೆ ನಂಗೆ ಉಸಿರು ಕಟ್ಟತ್ತೆ."

"ನಿನ್ನ ಉಸಿರು ಕಟ್ಕೊಂಡು ನಂಗೇನಾಗ್ಬೇಕು? ಮುಚ್ಚೇ ಅಂದ್ರೆ!"

"ಮುಚ್ಚಲ್ಲ ಅಂದ್ರೆ ಮುಚ್ಚಲ್ಲ." ಸೊಸೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ದನಿ ಮಾತ್ರ ಬೀದಿಗೆ ಕೇಳುವಷ್ಟು ಜೋರಾಗಿತ್ತು.

ಲಾಂಡ್ರಿ ಅಮ್ಮ ಮೇಜು ಹಿಡಿದು ಎದ್ದಳು. ಗೊಣಗುತ್ತಾ, ಒಂದೊಂದೇ ಹೆಜ್ಜೆ ಇಡುತ್ತಾ ಹೋಗಿ ಕಿಟಕಿಯನ್ನು ದಡಾರನೆ ಮುಚ್ಚಿದಳು. ಅವಳು ವಾಪಸು ಬಂದು ಕೂತು, ಚಮಚ ಕೈಗೆತ್ತಿಕೊಳ್ಳುವವರೆಗೆ ಸೊಸೆ ಕಾದಳು. ಆಮೇಲೆ ಹೋಗಿ ಮತ್ತೆ ತೆಗೆದಳು.